ಅರ್ಧ ಬಿಡಿಸಿ ನೋಡುವುದು

ನಮ್ಮ ವೃತ್ತಿಯಲ್ಲಿ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತೊಂದಿದೆ: "ಈಗ ಸರಿಯಾಯಿತು ನೋಡಿ." ಸರ್ವರ್ ನಿಂತಿತ್ತು, ಯಾರೋ ರೀಸ್ಟಾರ್ಟ್ ಮಾಡಿದರು, ಸರಿಯಾಯಿತು. ಟೆಸ್ಟ್ ಫೇಲಾಗುತ್ತಿತ್ತು, ಇನ್ನೊಮ್ಮೆ ಓಡಿಸಿದರು, ಸರಿಯಾಯಿತು. ಲೈಬ್ರರಿಯ ಹೊಸ ಆವೃತ್ತಿ ಹಾಕಿದರು, ಅದೂ ಸರಿಯಾಯಿತು. ಹದಿನಾಲ್ಕು ವರ್ಷಗಳಿಂದ ಪ್ರೋಗ್ರಾಮ್ ಬರೆದೇ ಹೊಟ್ಟೆ ಹೊರೆಯುತ್ತಿರುವ ನಾನು ಈ ಮಾತನ್ನು ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ದೂರು ದಾಖಲಾದ ಟಿಕೆಟ್ ಮುಚ್ಚಿಹೋಗುತ್ತದೆ, ಮ್ಯಾನೇಜರ್ ಹೆಬ್ಬೆರಳಿನ ಚಿತ್ರ ಕಳಿಸುತ್ತಾರೆ, ಮುಂದಿನ ಕೆಲಸ ಆಗಲೇ ಕಾದಿರುತ್ತದೆ. ಆ ಮಾತಿನ ಬೆನ್ನಿಗೇ ಬರಬೇಕಾದ ಇನ್ನೊಂದು ಪ್ರಶ್ನೆಯನ್ನು ನನಗೆ ಮೊದಲು ಕೇಳಿದವರು ಕಚೇರಿಯವರಲ್ಲ, ಅಪ್ಪಯ್ಯ. ಶಿರಸಿಯಿಂದ ಕುಮಟೆಗೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟ ಇಳಿಯುವುದಕ್ಕೆ ಬಹಳ ಮೊದಲೇ ಒಳಕ್ಕೆ ತಿರುಗಿದರೆ ಸಿಗುವ ನಮ್ಮ ಮನೆಯ ಜಗಲಿಯಲ್ಲಿ ಕೂತು, ಎಲೆಗೆ ಸುಣ್ಣ ಹಚ್ಚುತ್ತ, ತಲೆಯೆತ್ತದೆ ಕೇಳಿದ್ದ: "ಸರಿ ಆತು ಹೇಳ್ತೆ, ಎಂತಕ್ಕೆ ಸರಿ ಆತು ಹೇಳಿ ಗೊತ್ತಿದ್ದಾ?"

ನನ್ನಲ್ಲಿ ಉತ್ತರವಿರಲಿಲ್ಲ. ಏನೋ ತಾಂತ್ರಿಕ ಕಾರಣ ಎಂದು ಹೇಳಿ ಎದ್ದುಹೋದೆ. ಎದ್ದುಹೋದದ್ದು ಇವತ್ತಿಗೂ ನೆನಪಿದೆ, ಏಕೆಂದರೆ ಆ ಕ್ಷಣದಲ್ಲಿ ನಾಚಿಕೆಯಾಗಲಿಲ್ಲ. ಸ್ವಲ್ಪ ಸಿಟ್ಟು ಬಂದಿತ್ತು, ಅಷ್ಟೇ.

ಅಡಿಕೆಯ ಲೆಕ್ಕ

2020ರಲ್ಲಿ ಎಲ್ಲರಂತೆ ನಾನೂ ಲ್ಯಾಪ್‌ಟಾಪ್ ಹೊತ್ತುಕೊಂಡು ಬೆಂಗಳೂರಿನಿಂದ ಊರಿಗೆ ಬಂದೆ, ಎಲ್ಲರಂತೆ ಹಿಂದಿರುಗಲಿಲ್ಲ. ಹಗಲು ಕಂಪನಿಯ ಕೆಲಸ, ಸಂಜೆ ತೋಟದಲ್ಲಿ ಒಂದು ಸುತ್ತು, ರಾತ್ರಿ ಊಟದ ಮೇಲೆ ನನ್ನದೇ ಖುಷಿಗೆ ಒಂದಷ್ಟು ಕೋಡ್ ಎಂಬ ಕ್ರಮ ಕ್ರಮೇಣ ಗಟ್ಟಿಯಾಯಿತು. ಆ ರಾತ್ರಿಯ ಕೆಲಸಗಳಲ್ಲಿ ಒಂದು, ನಮ್ಮ ಮನೆಯ ಅಡಿಕೆ ಲೆಕ್ಕದ ಪ್ರೋಗ್ರಾಮ್. ಮಾರಿದ ಅಡಿಕೆಯ ಪಟ್ಟಿಗಳನ್ನೆಲ್ಲ ಅಪ್ಪಯ್ಯ ಒಂದು ಉದ್ದನೆಯ ಲೆಕ್ಕದ ಪುಸ್ತಕಕ್ಕೆ ಇಳಿಸುತ್ತಾನೆ. ಮೇಷ್ಟರಾಗಿ ನಿವೃತ್ತನಾದ ಚಿಕ್ಕಪ್ಪ ಅದೇ ಪಟ್ಟಿಗಳನ್ನು ನೋಡಿಕೊಂಡು ತನ್ನ ಹಳೆಯ ಕಂಪ್ಯೂಟರಿನಲ್ಲಿ, ನುಡಿ ತಂತ್ರಾಂಶದಲ್ಲಿ, ಆಗಲೇ ಹನ್ನೊಂದು ವರ್ಷಗಳಿಂದ ಬೆರಳಚ್ಚು ಮಾಡಿಡುತ್ತಿದ್ದ. ಒಂದೊಂದು ಸಾಲಿಗೆ ತಾರೀಖು, ಅಡಿಕೆಯ ಜಾತಿ, ತೂಕ, ದರ. ನಮ್ಮ ಕಡೆಯ ಮಾರುಕಟ್ಟೆಯ ಹೆಸರುಗಳನ್ನು ಈ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ: ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೇಗೋಟು, ಕೋಕ. ಆ ಫೈಲುಗಳನ್ನು ಈಗಿನ ಕಂಪ್ಯೂಟರುಗಳೆಲ್ಲ ಬಳಸುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಪರಿವರ್ತಿಸುವ ಒಂದು ಸಣ್ಣ ಸಾಧನವನ್ನೂ, ಪರಿವರ್ತಿಸಿದ ಮೇಲೆ ವರ್ಷವಾರು ಮೊತ್ತ ಹಾಕಿ ಗ್ರಾಫ್ ಬಿಡಿಸುವ ಪ್ರೋಗ್ರಾಮನ್ನೂ ಎರಡು ವಾರಾಂತ್ಯಗಳಲ್ಲಿ ಬರೆದು ಮುಗಿಸಿದೆ. ಕಚೇರಿಯಲ್ಲಿ ಬರೆಯುವ ಕೋಡಿಗಿಂತ ಇದರ ಮೇಲೆ ನನಗೆ ಪ್ರೀತಿ ಜಾಸ್ತಿ, ಎಚ್ಚರಿಕೆ ಕಡಿಮೆ. ಮನೆಯದೇ ತಾನೆ ಎಂಬ ಸಲಿಗೆ.

ಮೊದಲು ಓಡಿಸಿ ನೋಡಿದ ಕೊನೆಯ ವರ್ಷದ ಮೊತ್ತವೇ ಕೂಡಿಬರಲಿಲ್ಲ. ಪುಸ್ತಕದಲ್ಲಿದ್ದುದಕ್ಕಿಂತ ನನ್ನ ಪ್ರೋಗ್ರಾಮಿನ ಮೊತ್ತದಲ್ಲಿ ಎರಡು ಕ್ವಿಂಟಲಿಗೂ ಮೀರಿ ಕೊರತೆ ಬಂದಿತು. ಫೈಲು ತೆರೆದು ನೋಡಿದರೆ ಎಲ್ಲ ಸಾಲುಗಳೂ ಇವೆ, ತೂಕಗಳೂ ಸರಿಯಾಗಿಯೇ ಇವೆ. ಯಾವುದೋ ಹೆಸರಿನ ಬಾಲಕ್ಕೆ ಕಣ್ಣಿಗೆ ಕಾಣದ ಖಾಲಿ ಜಾಗ ಅಂಟಿಕೊಂಡಿರಬಹುದು ಎಂದುಕೊಂಡು, ಆ ವರ್ಷದ ಜಾತಿಯ ಹೆಸರುಗಳನ್ನೆಲ್ಲ ಅಳಿಸಿ ನಾನೇ ಮತ್ತೆ ಬೆರಳಚ್ಚಿಸಿದೆ. ಕೂಡಿಬಂತು. ಜಗಲಿಗೆ ಬಂದು ಅಪ್ಪಯ್ಯನಿಗೆ ಸರಿಯಾಯಿತು ಎಂದು ಹೇಳಿದ್ದು, ಅವನು ಆ ಪ್ರಶ್ನೆ ಕೇಳಿದ್ದು ಆವತ್ತೇ.

ಅದಾದ ಮೇಲೆ ನಡೆದದ್ದು ಇನ್ನೂ ಕೆಟ್ಟದ್ದು. ಹನ್ನೊಂದು ವರ್ಷಗಳ ಇಳುವರಿಯ ಗ್ರಾಫನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ತಂದು ತೋರಿಸಿದೆ. ಹತ್ತು ವರ್ಷ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದ ಗೆರೆ ಕೊನೆಯ ವರ್ಷ ಎದ್ದು ನಿಂತಿತ್ತು. "ಹೋದ ವರ್ಷ ಬೆಳೆ ಚೊಲೋ ಇತ್ತು" ಎಂದು ನಾನೇ ವ್ಯಾಖ್ಯಾನ ಬೇರೆ ಮಾಡಿದೆ. ಅಪ್ಪಯ್ಯ ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿದ. ಅದು ಕೊಳೆರೋಗ ಬಂದು ಗೊನೆಗೊನೆಯೇ ಉದುರಿದ ವರ್ಷ. ಮಳೆ ಬಿಡುವು ಕೊಡದೆ ಎರಡನೆಯ ಸುತ್ತಿನ ಮದ್ದು ಹೊಡೆಯಲಾಗದೆ, ಬೆಳಿಗ್ಗೆ ಎದ್ದು ತೋಟಕ್ಕೆ ಇಳಿದರೆ ಕಾಲಿಡಲು ಜಾಗವಿಲ್ಲದಂತೆ ಎಳೆ ಅಡಿಕೆ ಬಿದ್ದಿರುತ್ತಿದ್ದುದನ್ನು ನಾನೂ ನೋಡಿದ್ದೆ. ನಾನೇ ಬುಟ್ಟಿಯಲ್ಲಿ ಹೆಕ್ಕಿದ್ದೆ. ಆದರೂ ಗ್ರಾಫಿನ ಎದುರು ನನಗೆ ಅದು ನೆನಪಾಗಲಿಲ್ಲ. ಅಪ್ಪಯ್ಯ ಕಾಗದವನ್ನು ಮಡಚಿ ಪಂಚಾಂಗದ ಒಳಗಿಟ್ಟ. "ನಿನ್ನ ಕಂಪ್ಯೂಟರು ಮಳೆ ನೋಡಿದ್ದಿಲ್ಲೆ ಕಾಣ್ತು" ಎಂದ.

ಇಲ್ಲಿ ಒಂದು ಮಾತು ಸೇರಿಸಬೇಕು. ಅಪ್ಪಯ್ಯ ಯಂತ್ರದ ವಿರೋಧಿಯಲ್ಲ. ಆದರೆ ಅಳತೆಯನ್ನು ಮಾತ್ರ ನಂಬಿ ಸುಮ್ಮನಿರುವ ಜಾಯಮಾನ ಅವನದ್ದಲ್ಲ. ಕೊಳೆಗೆ ಹೊಡೆಯುವ ಮದ್ದಾದ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಎಂಬ ಲೆಕ್ಕ ಊರಿಗೆಲ್ಲ ಗೊತ್ತು. ಅವನು ಅಷ್ಟನ್ನೇ ತೂಗಿ ಹಾಕಿದ ಮೇಲೂ ಪ್ರತಿ ಡ್ರಮ್ಮಿಗೆ ಉಜ್ಜಿ ಬೆಳ್ಳಗಾದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆದು ನೋಡುತ್ತಾನೆ. ಕತ್ತಿಗೆ ತಾಮ್ರದ ಕೆಂಪು ಹತ್ತಿತೆಂದರೆ ಸುಣ್ಣ ಸಾಲದು ಎಂದರ್ಥ; ಹಾಗೆಯೇ ಹೊಡೆದರೆ ಎಳೆ ಅಡಿಕೆ ಸುಟ್ಟುಹೋಗುತ್ತದೆ. ಸುಣ್ಣ ಹಳೆಯದಾದರೆ ತೂಕ ಸರಿಯಿದ್ದರೂ ಶಕ್ತಿ ಇರುವುದಿಲ್ಲ ಎಂಬುದು ಅವನು ತೂಕವನ್ನು ನಂಬದಿರುವುದಕ್ಕೆ ಕಾರಣ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡ ಮರದ ಬುಡದಲ್ಲಿ ನಿಂತು ಅವಸರ ಮಾಡುತ್ತಿದ್ದರೂ ಕತ್ತಿ ಅದ್ದದೆ ಡ್ರಮ್ಮು ಬಿಟ್ಟುಕೊಟ್ಟದ್ದನ್ನು ನಾನು ನೋಡಿಲ್ಲ.

ಗುಡ್ಡದ ಮೇಲೆ

ಮರುವರ್ಷ ಯುಗಾದಿಗೆ ಚಿಕ್ಕಪ್ಪನ ಹೊಸ ಫೈಲು ಬಂತು. ಮೊತ್ತ ಮತ್ತೆ ಕಡಿಮೆ. ಈ ಸಲ ಬೆರಳಚ್ಚಿಸಿ ಕೂಡಿಸಲು ಮನಸ್ಸಾಗಲಿಲ್ಲ, ಹುಡುಕಲು ಪುರುಸೊತ್ತೂ ಆಗಲಿಲ್ಲ. ಅದು ಹಾಗೆಯೇ ಜುಲೈವರೆಗೆ ಬಿದ್ದಿತ್ತು.

ನಮ್ಮ ಜಿಲ್ಲೆಯಲ್ಲಿ ಕರೆಂಟಿನ ಬಗ್ಗೆ ಮಾತಾಡುವುದು ಹವಾಮಾನದ ಬಗ್ಗೆ ಮಾತಾಡಿದಂತೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಎಂದು ಸಾಲಾಗಿ ಅಣೆಕಟ್ಟುಗಳಿವೆ. ಕಾರವಾರ ತಾಲೂಕಿನ ಕೈಗಾದಲ್ಲಿ 220 ಮೆಗಾವಾಟಿನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಅವುಗಳಲ್ಲಿ ಮೊದಲನೆಯದು 2018ರ ಡಿಸೆಂಬರ್ 31ರಂದು ನಿಲ್ಲಿಸುವ ತನಕ 962 ದಿನ ಒಂದೇ ಸಮನೆ ಓಡಿ, ಆಗಿನ ಮಟ್ಟಿಗೆ ಜಗತ್ತಿನ ದಾಖಲೆಯನ್ನೇ ಬರೆಯಿತು. ಸರ್ವರ್‌ಗಳನ್ನು ನೋಡಿಕೊಳ್ಳುವ ನಮ್ಮಂಥವರಿಗೆ 962 ದಿನಗಳ ಅಪ್‌ಟೈಮ್ ಎಂದರೆ ಕೈಮುಗಿಯುವ ಸಂಖ್ಯೆ. ಅದೇ ಜಿಲ್ಲೆಯ ನಮ್ಮೂರಿನಲ್ಲಿ ಮಳೆಗಾಲದ ಅಪ್‌ಟೈಮನ್ನು ಗಂಟೆಗಳಲ್ಲಿ ಹೇಳಬೇಕು. ಇದು ದೂರಲ್ಲ, ಕಾಡಿನ ನಡುವೆ ಕಿಲೋಮೀಟರುಗಟ್ಟಲೆ ತಂತಿ ಎಳೆದ ಮೇಲೆ ಮರಗಳೂ ತಮ್ಮ ಪಾಲಿನದು ಕೇಳುತ್ತವೆ. ಕರೆಂಟು ಹೋಗಿ ಅರ್ಧ ದಿನವಾದರೆ ಟವರಿನ ಬ್ಯಾಟರಿಯೂ ಮುಗಿಯುತ್ತದೆ, ಫೈಬರ್ ಡಬ್ಬಿಯ ದೀಪಗಳೂ ಆರುತ್ತವೆ. ಆಗ ಉಳಿಯುವುದು ಊರ ಹಿಂದಿನ ಗುಡ್ಡ. ಅಲ್ಲಿ ಎಲ್ಲಿಯದೋ ದೂರದ ಟವರಿನ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಶಾಲೆಗಳು ಮುಚ್ಚಿದ್ದ ಕಾಲದಲ್ಲಿ ಆನ್‌ಲೈನ್ ಪಾಠ ಕೇಳಲು ಮಕ್ಕಳಿಗೆಂದು ಊರವರು ಅಡಿಕೆ ದಬ್ಬೆ, ತಾಡಪಾಲು ಹಾಕಿ ಕಟ್ಟಿಕೊಟ್ಟಿದ್ದ ಗುಡಿಸಲು ಇನ್ನೂ ಅಲ್ಲಿದೆ. ಮಕ್ಕಳು ಶಾಲೆಗೆ ಹೋದರು, ಗುಡಿಸಲು ನನ್ನ ಪಾಲಿಗೆ ಬಂತು.

ಆ ದಿನ ಬೆಳಗಿನ ಜಾವ ಸಿಡಿಲು ಬಡಿದು ಕರೆಂಟು ಹೋಗಿತ್ತು. ಮಧ್ಯಾಹ್ನ ಮೀಟಿಂಗಿಗೆ ಬರಲಾಗುವುದಿಲ್ಲ ಎಂದು ಸಂದೇಶ ಕಳಿಸಲು ಗುಡ್ಡ ಹತ್ತಿದರೆ ಅಲ್ಲಿ ಲೈನ್‌ಮನ್ ನಿಂತಿದ್ದರು. ಐವತ್ತು ದಾಟಿದ ವಯಸ್ಸು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ, ಕಿವಿಗೆ ಒತ್ತಿಹಿಡಿದ ಫೋನು. ಅವರೂ ಸಿಗ್ನಲ್ಲಿಗೇ ಬಂದವರು. ಸಬ್‌ಸ್ಟೇಷನ್ನಿನವರ ಜೊತೆ ಮಾತಾಡದೆ ಅವರ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಅವರ ಬೈಕು ಕೆಸರಿನಲ್ಲಿ ಹೂತು ಸ್ಟಾರ್ಟಾಗದೆ ಕೆಳಗೆ ನಿಂತಿತ್ತು. "ಹೆಗಡೇರೇ, ನಿಮ್ಮ ಗಾಡಿ ಮೇಲೆ ಸ್ವಲ್ಪ ಶಾಲೆ ತನಕ ಬಿಡ್ತೀರಾ?" ಎಂದು ಕೇಳಿದರು. ಮೀಟಿಂಗು ಹೇಗೂ ಇರಲಿಲ್ಲ. ಆ ಮಧ್ಯಾಹ್ನವೆಲ್ಲ ನಾನು ಅವರ ಸಾರಥಿಯಾದೆ.

ದಾರಿಯಲ್ಲಿ ಸಿಕ್ಕವರೆಲ್ಲ ಕಾರಣ ಹೇಳುವವರೇ. ದೇವಸ್ಥಾನದಿಂದ ಆಚೆಗೆ ಒಂದು ಹೊನ್ನೆ ಮರ ತಂತಿಯ ಕಡೆಗೆ ವಾಲಿಕೊಂಡಿದೆ, ಅದರದೇ ಕೊಂಬೆ ತಾಗಿದೆ ಎಂಬುದು ಊರಿನ ಒಮ್ಮತದ ಅಭಿಪ್ರಾಯ. ನನ್ನದೂ ಅದೇ. ಸೀದಾ ಅಲ್ಲಿಗೇ ಹೋಗೋಣವೇ ಎಂದು ಕೇಳಿದೆ. ಅವರು ನಕ್ಕರು. "ಮರ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದ್ಲು ಅರ್ಧ ಬಿಡಿಸಿ ನೋಡೂದು."

ಮುಖ್ಯರಸ್ತೆಯಿಂದ ಕವಲೊಡೆದು ಒಳಗೆ ಬರುವ ಲೈನು ಎಂಟು ಕಿಲೋಮೀಟರಿಗಿಂತ ಉದ್ದವಿದೆ. ಶಾಲೆಯ ಹತ್ತಿರದ ಕಂಬದಲ್ಲಿ ಮೂರೂ ತಂತಿಗಳನ್ನು ಒಟ್ಟಿಗೆ ಬಿಡಿಸುವ ಸ್ವಿಚ್ಚಿದೆ, ಅವರ ಬಾಯಲ್ಲಿ ಅದು ಜಿಓಎಸ್. ಅದನ್ನು ಬಿಡಿಸಿದೆವು, ಅಂದರೆ ಅವರು ಬಿಡಿಸಿದರು, ನಾನು ಕೊಡೆ ಹಿಡಿದೆ. ಮತ್ತೆ ಗುಡ್ಡ ಹತ್ತಿ ಸಬ್‌ಸ್ಟೇಷನ್ನಿಗೆ ಫೋನು: ಚಾರ್ಜ್ ಮಾಡಿ. ಲೈನು ತಡೆದುಕೊಂಡಿತು. ಅಂದರೆ ರಸ್ತೆಯಿಂದ ಶಾಲೆಯವರೆಗಿನ ಅರ್ಧ ಶುದ್ಧ. ಅಲ್ಲಿಯ ಮನೆಗಳಿಗೆ ಆ ಕ್ಷಣದಿಂದಲೇ ಕರೆಂಟು ಬಂತು. ಹುಡುಕಾಟ ಇನ್ನೂ ಮುಗಿದಿಲ್ಲ, ಅರ್ಧ ಊರಿಗೆ ಆಗಲೇ ಬೆಳಕು! ಆಮೇಲೆ ಉಳಿದರ್ಧದ ನಡುವೆ, ದೇವಸ್ಥಾನದ ತಿರುವಿನಲ್ಲಿ, ಲೈನ್ ಕ್ಲಿಯರ್ (ಲೈನು ಬಂದ್ ಇದೆ, ಕೆಲಸ ಮಾಡಬಹುದು ಎಂಬ ಸಬ್‌ಸ್ಟೇಷನ್ನಿನ ಒಪ್ಪಿಗೆ) ತೆಗೆದುಕೊಂಡು, ತಂತಿಗೆ ಅರ್ತಿಂಗ್ ಕೊಟ್ಟು, ಕಂಬ ಹತ್ತಿ ಎರಡೂ ಕಡೆಯ ತಂತಿಗಳನ್ನು ಜೋಡಿಸುವ ಜಂಪರ್ ಬಿಚ್ಚಿದರು. ಇಳಿದು ಬಂದು ಶಾಲೆಯ ಸ್ವಿಚ್ಚು ಹಾಕಿದರು. ಗುಡ್ಡ, ಫೋನು, ಚಾರ್ಜ್. ಈ ಸಲ ಟ್ರಿಪ್ ಆಯಿತು. ದೋಷ ಇರುವುದು ಶಾಲೆಗೂ ದೇವಸ್ಥಾನಕ್ಕೂ ನಡುವೆ, ಹತ್ತು ಹನ್ನೆರಡು ಕಂಬಗಳಲ್ಲಿ. ಊರೆಲ್ಲ ಬೊಟ್ಟು ಮಾಡಿದ್ದ ಹೊನ್ನೆ ಮರ ಇದ್ದದ್ದು ದೇವಸ್ಥಾನದ ಆಚೆ.

ಆ ಹನ್ನೆರಡು ಕಂಬಗಳ ಸಾಲಿನಲ್ಲಿ ಬಿದ್ದ ಮರವಿಲ್ಲ, ಹರಿದ ತಂತಿಯಿಲ್ಲ. ಕೆಳಗೆ ನಿಂತು ನೋಡಿದರೆ ಕಂಬಗಳ ತಲೆಯ ಮೇಲಿನ ಪಿಂಗಾಣಿ ಬಟ್ಟಲುಗಳೆಲ್ಲ ಒಂದೇ ಥರ ಹೊಳೆಯುತ್ತಿದ್ದವು. ಮತ್ತೆ ಲೈನ್ ಕ್ಲಿಯರ್ ತೆಗೆದುಕೊಂಡು ಒಂದೊಂದೇ ಕಂಬ ಹತ್ತಿ, ಏಳನೆಯದೋ ಎಂಟನೆಯದೋ ಕಂಬದ ಬಟ್ಟಲಿನ ಸುತ್ತ ಬೆರಳಾಡಿಸಿದವರು "ಸಿಕ್ತು" ಎಂದರು. ಸಿಡಿಲಿಗೆ ಕೂದಲೆಳೆಯಷ್ಟು ಸೀಳು ಬಿಟ್ಟಿತ್ತು. ಒಣಗಿದ್ದಾಗ ಏನೂ ಆಗುವುದಿಲ್ಲ. ಸೀಳಿಗೆ ನೀರಿಳಿದರೆ ಕರೆಂಟು ಅದರ ಮೂಲಕ ಕಂಬಕ್ಕೆ ಹರಿಯುತ್ತದೆ. ಹೊಸ ಬಟ್ಟಲು ಕೂರಿಸಿ ಕೆಳಗಿಳಿದ ಮೇಲೆ, ನಮ್ಮನೆಯ ಜಗಲಿಯಲ್ಲಿ ಆಯಿ ಕೊಟ್ಟ ಚಹ ಕುಡಿಯುತ್ತ ಅವರು ಹೇಳಿದ ಮಾತು ಇದು: "ಮೊದ್ಲೇ ಹೋಗಿ ಆ ಹೊನ್ನೆ ಕೊಂಬೆ ಕಡ್ದಿದ್ರೆ ಅಷ್ಟೊತ್ತಿಗೆ ಮಳೆ ಬಿಟ್ಟಿರ್ತಿತ್ತು, ಬಟ್ಲು ಒಣಗಿರ್ತಿತ್ತು, ಲೈನೂ ತಡ್ಕೊಳ್ತಿತ್ತು. ಎಲ್ರೂ ಮರಾನೇ ಕಾರಣ ಅಂತಿದ್ರು. ರಾತ್ರಿ ಮತ್ತೆ ಮಳೆ ಬಂದ ಕೂಡ್ಲೆ ನನ್ನೇ ಬೈತಿದ್ರು."

ಒಂದೇ ಥರ ಕಾಣುವ ಎರಡು ಕೋಕ

ಹೊನ್ನೆಯ ಕೊಂಬೆಯನ್ನು ನಾನು ಹಿಂದಿನ ವರ್ಷವೇ ಕಡಿದಿದ್ದೆ. ಹೆಸರುಗಳನ್ನು ಅಳಿಸಿ ಬೆರಳಚ್ಚಿಸಿ, ಲೆಕ್ಕ ಕೂಡಿಬಂದದ್ದನ್ನು ನೋಡಿ, ಖಾಲಿ ಜಾಗವೇ ಕಾರಣ ಎಂದು ನಂಬಿದ್ದೆ. ಚಹದ ಲೋಟ ಹಿಡಿದುಕೊಂಡೇ ಅದು ಹೊಳೆಯಿತು.

ಕರೆಂಟು ಬಂದಿತ್ತು, ಇಂಟರ್ನೆಟ್ಟು ಇನ್ನೂ ಬಂದಿರಲಿಲ್ಲ. ಅದೇ ಒಳ್ಳೆಯದಾಯಿತೆಂದು ಈಗ ಅನ್ನಿಸುತ್ತದೆ, ಏಕೆಂದರೆ ಇದ್ದಿದ್ದರೆ ತೊಂದರೆಯನ್ನು ಎರಡು ಸಾಲಿನಲ್ಲಿ ಬರೆದು ಯಾವುದೋ ಎಐ ಸಹಾಯಕನ ಮುಂದೆ ಇಡುತ್ತಿದ್ದೆ. ಅದು ಅರೆ ನಿಮಿಷದಲ್ಲಿ ಐದು ಕಾರಣಗಳನ್ನು ಕೊಡುತ್ತಿತ್ತು, ನಾನು ಒಂದೊಂದನ್ನೇ ಹಾಕಿ ನೋಡುತ್ತಿದ್ದೆ, ಯಾವುದೋ ಒಂದಕ್ಕೆ ಸರಿಯಾಗುತ್ತಿತ್ತು. ಬದಲಿಗೆ ಚಿಕ್ಕಪ್ಪನ ಆ ಹೊಸ 140 ಸಾಲುಗಳ ಫೈಲನ್ನು ನಡುವೆ ಕತ್ತರಿಸಿದೆ. ಜಾತಿಯ ಗೊಡವೆಗೆ ಹೋಗದೆ ಬರೀ ತೂಕಗಳನ್ನು ಕೂಡಿದರೆ ಬರುವ ಮೊತ್ತ ಒಂದು ಕಡೆ, ನನ್ನ ಪ್ರೋಗ್ರಾಮ್ ಜಾತಿವಾರು ಕೂಡಿ ಹೇಳುವ ಮೊತ್ತ ಇನ್ನೊಂದು ಕಡೆ. ಎರಡೂ ಒಂದೇ ಆದರೆ ಆ ಅರ್ಧ ಶುದ್ಧ. ಮೊದಲನೆಯ ಅರ್ಧವೇ ಕೂಡಲಿಲ್ಲ, ಎಪ್ಪತ್ತು ಸಾಲು. ಅದರಲ್ಲಿ ಅರ್ಧ, ಮೂವತ್ತೈದು. ಹದಿನೆಂಟು. ಒಂಬತ್ತು. ಐದು. ಎಂಟು ಸಲ ಅರ್ಧ ಮಾಡುವಷ್ಟರಲ್ಲಿ ಪರದೆಯ ಮೇಲೆ ಒಂದೇ ಒಂದು ಸಾಲು ಉಳಿಯಿತು: ಕೋಕ, 37 ಕಿಲೋ. ಅದರಲ್ಲಿ ತಪ್ಪು ಮಾಡಲು ಜಾಗವೇ ಇಲ್ಲ ಎನ್ನುವಷ್ಟು ಚಿಕ್ಕ ಸಾಲು. ನನ್ನ ಪ್ರೋಗ್ರಾಮಿನೊಳಗಿನ ಜಾತಿಗಳ ಯಾದಿಯಲ್ಲಿ ನಾನೇ ಬರೆದ ಕೋಕ ಇದೆ, ಫೈಲಿನಲ್ಲೂ ಕೋಕ ಇದೆ. ಒಂದರ ಕೆಳಗೆ ಒಂದಿಟ್ಟರೆ ಕೂದಲೆಳೆಯ ವ್ಯತ್ಯಾಸವೂ ಕಾಣದು. ಆದರೆ ಎರಡೂ ಒಂದೇ ಅಲ್ಲ ಎಂದು ಕಂಪ್ಯೂಟರ್ ಹಟ ಹಿಡಿದಿತ್ತು. ಎರಡರ ಉದ್ದ ಕೇಳಿದೆ. ನನ್ನ ಕೋಕದ ಉದ್ದ 3, ಫೈಲಿನ ಕೋಕದ ಉದ್ದ 5.

ಕಾಗುಣಿತ ಕಲಿಯುವಾಗ ಕೈ ಹಿಡಿದು ತಿದ್ದಿಸಿದ್ದನ್ನು ನೆನಪಿಸಿಕೊಂಡರೆ ಇದರ ಗುಟ್ಟು ಬಿಡುತ್ತದೆ. ಕೋ ಎಂದು ಬರೆಯುವಾಗ ನಾವು ಮೊದಲು ಕ ಬರೆದು ಅದಕ್ಕೆ ಎತ್ವ ಕೊಡುತ್ತೇವೆ, ಆಮೇಲೆ ಕೊಂಬಿನ ಇಳಿ, ಕೊನೆಗೆ ದೀರ್ಘ. ಯೂನಿಕೋಡಿನಲ್ಲಿ ಕನ್ನಡಕ್ಕೆಂದು ಮೀಸಲಾದ 128 ಸ್ಥಾನಗಳಲ್ಲಿ ಓತ್ವಕ್ಕೆ ಇಡಿಯಾದ ಒಂದು ಸಂಕೇತವೂ ಇದೆ, ಎತ್ವಕ್ಕೆ, ಕೊಂಬಿನ ಇಳಿಗೆ, ದೀರ್ಘಕ್ಕೆ ಬಿಡಿಬಿಡಿಯಾದ ಸಂಕೇತಗಳೂ ಇವೆ. ಮೂರು ಬಿಡಿ ಸಂಕೇತಗಳನ್ನು ಒಂದರ ಹಿಂದೆ ಒಂದಿಟ್ಟರೂ ಪರದೆಯ ಮೇಲೆ ಮೂಡುವುದು ಅದೇ ಓತ್ವ. ಎರಡನ್ನೂ ಸಮಾನವೆಂದೇ ಭಾವಿಸಬೇಕು ಎಂದು ಯೂನಿಕೋಡಿನ ನಿಯಮ ಹೇಳುತ್ತದೆ. ಆದರೆ ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಹೊಣೆ ಪ್ರೋಗ್ರಾಮ್ ಬರೆದವನದು. ನಾರ್ಮಲೈಸೇಷನ್ ಎಂದು ಅದಕ್ಕೆ ಹೆಸರು, ಒಂದು ಸಾಲಿನ ಕೆಲಸ. ನಾನು ಮಾಡಿರಲಿಲ್ಲ. ಚಿಕ್ಕಪ್ಪನ ಫೈಲಿನಲ್ಲಿ ತಪ್ಪೇನೂ ಇರಲಿಲ್ಲ, ನುಡಿಯ ತಪ್ಪೂ ಅಲ್ಲ. ಅಚ್ಚಿಗೆಂದು ಮಾಡಿದ ಆ ಹಳೆಯ ಫಾಂಟ್ ಸಂಕೇತಗಳಲ್ಲಿ ಅಕ್ಷರವನ್ನು ಆಕಾರದ ತುಂಡುಗಳಾಗಿಯೇ ಇಟ್ಟಿರುತ್ತಾರೆ. ಎತ್ವದ ತುಂಡು, ಇಳಿಯ ತುಂಡು, ದೀರ್ಘದ ತುಂಡು. ನಾನು ಬರೆದ ಪರಿವರ್ತಕ ತುಂಡಿಗೆ ತುಂಡು ಬದಲಿಸಿ ಕೈತೊಳೆದುಕೊಂಡಿತ್ತು.

ಆಗ ಉಳಿದದ್ದೆಲ್ಲ ತಾನಾಗಿಯೇ ಬಿಚ್ಚಿಕೊಂಡಿತು. ರಾಶಿ, ಚಾಲಿ, ಬೆಟ್ಟೆ ಇವುಗಳಲ್ಲಿ ಹೀಗೆ ಒಡೆಯಬಲ್ಲ ಸ್ವರಚಿಹ್ನೆಗಳೇ ಇಲ್ಲ, ಹಾಗಾಗಿ ಅವು ಎಂದೂ ತಪ್ಪಿರಲಿಲ್ಲ. ಕೆಂಪುಗೋಟು 9 ಇರಬೇಕಾದಲ್ಲಿ 11. ಬಿಳೇಗೋಟಿನಲ್ಲಿ ಏತ್ವವೂ ಓತ್ವವೂ ಇರುವುದರಿಂದ 8ರ ಬದಲು 11. ಓತ್ವ, ಏತ್ವ ಇರುವ ಅಡಿಕೆಗಳೆಲ್ಲ ಹನ್ನೊಂದು ವರ್ಷದ ಲೆಕ್ಕದಿಂದ ಸದ್ದಿಲ್ಲದೆ ಜಾರಿಹೋಗಿದ್ದವು, ನಾನು ಬೆರಳಚ್ಚಿಸಿದ ಆ ಒಂದು ವರ್ಷವನ್ನು ಬಿಟ್ಟು. ಅದಕ್ಕೇ ಗ್ರಾಫಿನಲ್ಲಿ ಆ ವರ್ಷ ಎದ್ದು ನಿಂತದ್ದು. ಕೊಳೆ ಬಂದ ವರ್ಷ ಸುಗ್ಗಿಯ ವರ್ಷವಾಗಿ ಕಂಡದ್ದು ನಾನು ಮಾಡಿದ ದುರಸ್ತಿಯಿಂದ. ಅಂದರೆ ದುರಸ್ತಿಯಾಗಿದ್ದ ಒಂದೇ ವರ್ಷ ಇಡೀ ಚಿತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಸುಳ್ಳು ಹೇಳುತ್ತಿತ್ತು.

ಸದ್ದಿಲ್ಲದೆ ಎಂದೆನಲ್ಲ, ಅದಕ್ಕೂ ನಾನೇ ಕಾರಣ. ಪ್ರೋಗ್ರಾಮಿನಲ್ಲಿ ಒಂದು ಸಾಲು ಇತ್ತು: ಯಾದಿಯಲ್ಲಿಲ್ಲದ ಹೆಸರು ಬಂದರೆ ಬಿಟ್ಟು ಮುಂದೆ ಹೋಗು. ಬರೆದ ದಿನ ಅದು ಜಾಣತನ ಎಂದೇ ಅನ್ನಿಸಿತ್ತು. ಖಾಲಿ ಸಾಲುಗಳು, ತಲೆಬರಹಗಳು ಬಂದಾಗ ಪ್ರೋಗ್ರಾಮ್ ಅರ್ಧಕ್ಕೆ ನಿಲ್ಲಬಾರದಲ್ಲ! ದೋಷ ಕಂಡ ಕೂಡಲೇ ಟ್ರಿಪ್ ಆಗುವ ಸಬ್‌ಸ್ಟೇಷನ್ನಿನ ಬ್ರೇಕರಿಗೆ ಊರವರೆಲ್ಲ ಬೈಯುತ್ತಾರೆ. ಆದರೆ ಅದು ಟ್ರಿಪ್ ಆಗದೆ ಹೋಗಿದ್ದರೆ ಸೀಳಿದ ಆ ಬಟ್ಟಲಿನ ಕಂಬವನ್ನು ಯಾವುದಾದರೂ ದನ ಮುಟ್ಟಿದಾಗ ಮಾತ್ರ ಸುದ್ದಿ ತಿಳಿಯುತ್ತಿತ್ತು.

ಅರ್ಧ ಮಾಡಿ ಹುಡುಕುವ ಉಪಾಯ ನನಗೆ ಹೊಸದಾಗಿತ್ತು ಎಂದಲ್ಲ, ಅದೇ ಬೇಸರದ ಸಂಗತಿ. ಕಾಲೇಜಿನ ಎರಡನೆಯ ವರ್ಷದಲ್ಲಿ ಬೈನರಿ ಸರ್ಚ್ ಬರೆದು ಅಂಕ ತೆಗೆದುಕೊಂಡವನು ನಾನು. 2005ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ, ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಅನ್ನು ದಿನಾ ಬಳಸುತ್ತೇನೆ. ಯಾವ ಬದಲಾವಣೆಯಿಂದ ಕೋಡ್ ಕೆಟ್ಟಿತೆಂದು ಇತಿಹಾಸವನ್ನು ಅರ್ಧರ್ಧ ಮಾಡುತ್ತ ಹುಡುಕಿಕೊಡುವ ಬೈಸೆಕ್ಟ್ ಎಂಬ ಆದೇಶವೇ ಅದರಲ್ಲಿದೆ, ಮತ್ತು ಪೂರ್ತಿ ಇತಿಹಾಸ ನಮ್ಮದೇ ಯಂತ್ರದಲ್ಲಿರುವುದರಿಂದ ಅದಕ್ಕೆ ಇಂಟರ್ನೆಟ್ಟೂ ಬೇಡ. ಸಾವಿರ ಬದಲಾವಣೆಗಳಿದ್ದರೂ ಹತ್ತು ಪರೀಕ್ಷೆಯಲ್ಲಿ ತಪ್ಪಿತಸ್ಥ ಸಿಗುತ್ತಾನೆ. ಇಷ್ಟು ಗೊತ್ತಿದ್ದೂ ನಾನು ಅದನ್ನು ಬಳಸುತ್ತಿದ್ದುದು ವರ್ಷಕ್ಕೆ ಎರಡೋ ಮೂರೋ ಸಲ. ಕಾರಣ ಸರಳ: ನನಗೆ ಯಾವಾಗಲೂ ಒಂದು ಹೊನ್ನೆ ಮರ ಗೊತ್ತಿರುತ್ತಿತ್ತು. ಅನುಭವ ಹೆಚ್ಚಾದಷ್ಟೂ ಊಹೆಗಳು ಬೇಗ ಬರುತ್ತವೆ, ಹತ್ತರಲ್ಲಿ ಏಳು ಸರಿಯಾಗಿಯೂ ಇರುತ್ತವೆ. ಆ ಏಳರ ಹೆಮ್ಮೆಯಲ್ಲಿ ಉಳಿದ ಮೂರನ್ನು ಮಳೆ ಬಿಟ್ಟಾಗ ಸರಿಯಾದಂತೆ ಕಂಡ ಲೈನುಗಳ ಜೊತೆ ಸೇರಿಸಿಬಿಡುತ್ತೇವೆ. ಕಿರಿಯರಿಗೆ ಆ ದೌರ್ಬಲ್ಯ ಕಡಿಮೆ, ಅವರಿಗೆ ಊಹೆಗಳೇ ಇರುವುದಿಲ್ಲ. (ಅರ್ಧ ಮಾಡುವುದೂ ನಿರಪಾಯವೇನಲ್ಲ ಎನ್ನಿ. ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿಯಲ್ಲಿದ್ದ ಬೈನರಿ ಸರ್ಚಿನಲ್ಲೇ ಒಂದು ತಪ್ಪು ಸುಮಾರು ಒಂಬತ್ತು ವರ್ಷ ಅಡಗಿ ಕೂತಿದ್ದು, 2006ರಲ್ಲಿ ಬಯಲಾಯಿತು. ನಡುವಿನ ಸ್ಥಾನ ಕಂಡುಹಿಡಿಯಲು ಎರಡು ಸಂಖ್ಯೆಗಳನ್ನು ಕೂಡಿ ಎರಡರಿಂದ ಭಾಗಿಸುವ ಸಾಲಿನಲ್ಲಿ, ಯಾದಿ ನೂರು ಕೋಟಿಯ ಗಡಿ ದಾಟಿದಾಗ, ಮೊತ್ತ ಉಕ್ಕಿ ಹರಿದು ಋಣ ಸಂಖ್ಯೆಯಾಗುತ್ತಿತ್ತು. ಅಷ್ಟು ಉದ್ದದ ಯಾದಿ ಹೆಚ್ಚಿನವರಿಗೆ ಬೇಕಾಗುತ್ತಿರಲಿಲ್ಲ.)

ಕಚೇರಿಯಲ್ಲಿ ನಾನು ಬದಲಿಸಿಕೊಂಡದ್ದು ದೊಡ್ಡದೇನಲ್ಲ. ಟಿಕೆಟ್ ಮುಚ್ಚುವ ಮೊದಲು, ಮಾಡಿದ ದುರಸ್ತಿಯನ್ನು ಒಮ್ಮೆ ಹಿಂದೆ ತೆಗೆದು, ತಪ್ಪು ಮತ್ತೆ ಬರುತ್ತದೆಯೇ ಎಂದು ನೋಡುತ್ತೇನೆ. ಬಾರದಿದ್ದರೆ ನಾನು ಮುಟ್ಟಿದ್ದು ಬೇರೆ ಯಾವುದನ್ನೋ. ಕತ್ತಿ ಅದ್ದುವುದಕ್ಕೆ ಹಿಡಿಯುವುದು ಒಂದು ನಿಮಿಷ, ಇದಕ್ಕೆ ಐದು. ರೀಸ್ಟಾರ್ಟ್ ಈಗಲೂ ಮಾಡುತ್ತೇನೆ. ಅರ್ಧ ಊರಿಗೆ ಬೆಳಕು ಮೊದಲು ಬರಬೇಕಾದದ್ದೇ. ಆದರೆ ಟಿಕೆಟ್ಟಿನ ಮೇಲೆ "ಸರಿಯಾಯಿತು" ಎಂದು ಬರೆಯುವುದನ್ನು ಬಿಟ್ಟು "ಸದ್ಯಕ್ಕೆ ಓಡುತ್ತಿದೆ, ಕಾರಣ ಗೊತ್ತಿಲ್ಲ" ಎಂದು ಬರೆಯತೊಡಗಿದೆ. ಮೊದಮೊದಲು ಮ್ಯಾನೇಜರಿಗೆ ಇದು ರುಚಿಸಲಿಲ್ಲ. ಕಾರಣ ಗೊತ್ತಿಲ್ಲದ ಟಿಕೆಟ್ಟುಗಳನ್ನು ಎಣಿಸಲು ಬರುತ್ತದೆ ಎಂಬುದೇ ಅವರಿಗೆ ಹಿಡಿಸದ ಸಂಗತಿ.

ಇಪ್ಪತ್ತೇಳು ಕಿಲೋ

ಆ ರಾತ್ರಿಯೇ ನಾರ್ಮಲೈಸೇಷನ್ನಿನ ಒಂದು ಸಾಲು ಸೇರಿಸಿ, ಬಿಟ್ಟು ಮುಂದೆ ಹೋಗುವ ಸಾಲನ್ನು ಕಿತ್ತುಹಾಕಿ, ಯಾದಿಯಲ್ಲಿಲ್ಲದ ಹೆಸರು ಬಂದರೆ ನಿಂತು "ಇದು ಯಾವ ಅಡಿಕೆ?" ಎಂದು ಕೇಳುವಂತೆ ಮಾಡಿ, ಹನ್ನೊಂದು ವರ್ಷದ ಹಳೆಯದನ್ನೂ ಈ ವರ್ಷದ ಹೊಸದನ್ನೂ ಮತ್ತೆ ಓಡಿಸಿದೆ. ಬೆಳಿಗ್ಗೆ ದೋಸೆ ತಿನ್ನುತ್ತ ಅಪ್ಪಯ್ಯನಿಗೆ ಎಲ್ಲವನ್ನೂ, ಎತ್ವ, ಇಳಿ, ದೀರ್ಘಗಳ ಸಮೇತ, ವಿವರಿಸಿದೆ. ಅವನಿಗೆ ಪೂರ್ತಿ ಅರ್ಥವಾಯಿತು; ನುಡಿ, ಯೂನಿಕೋಡುಗಳ ವಿಷಯವೆಲ್ಲ ಗೊತ್ತಿಲ್ಲದಿದ್ದರೂ ಒಂದೇ ಅಕ್ಷರವನ್ನು ಇಬ್ಬರು ಎರಡು ಥರ ಬರೆದರು ಎಂಬುದರಲ್ಲಿ ಅರ್ಥವಾಗದ್ದೇನೂ ಇಲ್ಲ. ಪುಸ್ತಕ ತಂದು ಒಂದೊಂದೇ ವರ್ಷ ತಾಳೆ ನೋಡಲು ಕೂತ. ಹನ್ನೆರಡರಲ್ಲಿ ಹನ್ನೊಂದು ವರ್ಷ ಕಿಲೋಗೆ ಕಿಲೋ ಕೂಡಿತು. ಒಂದು ವರ್ಷ ಮಾತ್ರ ಪುಸ್ತಕದಲ್ಲಿ 27 ಕಿಲೋ ಜಾಸ್ತಿ ಇತ್ತು.

ನನ್ನ ಕಡೆ ನೋಡಿದ. ನಾನು ಲ್ಯಾಪ್‌ಟಾಪಿನ ಕಡೆ ನೋಡಿದೆ. ಇನ್ನೂ ಯಾವುದೋ ಅಕ್ಷರ ಎಲ್ಲೋ ಸೀಳಿದೆ ಎಂದೇ ಅನ್ನಿಸಿತು. ಅಷ್ಟರಲ್ಲಿ ಹಾಲು ಕೊಂಡುಹೋಗಲು ಬಂದ ಚಿಕ್ಕಪ್ಪ, ಮೆಟ್ಟಿಲ ಮೇಲೆ ನಿಂತೇ ಕೇಳಿದ, ಎಷ್ಟು ವ್ಯತ್ಯಾಸ ಎಂದು. ಇಪ್ಪತ್ತೇಳು ಎಂದೆ. "ಒಂಬತ್ತರಿಂದ ಭಾಗ ಹೋಗ್ತಲಾ, ಹಂಗಾರೆ ಅಂಕಿ ತಿರುಗುಮುರುಗು ಬರದ್ದು ಇಕ್ಕು" ಎಂದ. ಎರಡು ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರ ಮಗ್ಗಿಯಲ್ಲೇ ಬರುತ್ತದೆ. ಇಪ್ಪತ್ತೇಳು ಬಂತೆಂದರೆ ಆ ಎರಡು ಅಂಕಿಗಳ ನಡುವೆ ಮೂರರ ಅಂತರವಿರಬೇಕು. ಅಂದರೆ ಹುಡುಕಬೇಕಾದದ್ದು 41, 52, 63, 74, 85, 96, ಇಷ್ಟೇ. ಅಪ್ಪಯ್ಯ ಆ ವರ್ಷದ ಪುಟಗಳ ಮೇಲೆ ಬೆರಳು ಜಾರಿಸುತ್ತ ಹೋದ. ಮೂರನೆಯ ಪುಟದಲ್ಲಿ ನಿಂತ. ತಂತಿಗೆ ಚುಚ್ಚಿಟ್ಟ ಹಳೆಯ ಪಟ್ಟಿಗಳ ಕಟ್ಟನ್ನು ಅಟ್ಟದಿಂದ ಇಳಿಸಿ ತರಿಸಿದ. ಪಟ್ಟಿಯಲ್ಲಿ ಚಾಲಿ 58 ಎಂದಿತ್ತು, ಪುಸ್ತಕದಲ್ಲಿ 85.

ಜೇಬಿನಿಂದ ಪೆನ್ನು ತೆಗೆದು 85ನ್ನು ಒಂದೇ ಗೆರೆಯಲ್ಲಿ, ಕೆಳಗಿನ ಅಂಕಿ ಓದಲು ಬರುವಂತೆ, ಹೊಡೆದುಹಾಕಿದ. ಪಕ್ಕದಲ್ಲಿ 58 ಎಂದು ಬರೆದ. ಅದರ ಪಕ್ಕ ಆ ದಿನದ ತಾರೀಖು, ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ "ಇಳಿಸುವಾಗ ತಿರುಗಿದ್ದು" ಎಂದು ಬರೆದು, ಪುಟದ ಮೊತ್ತವನ್ನು ಮೊದಲಿನಿಂದ ಕೂಡತೊಡಗಿದ.